ಮೂರೂರ ಸೀಮಿಎಣ್ಣಿ, ಒಂದ ಮಂಟಪ

ಹಲೋ... ಹಲೋ, ಯಾರು ಮಾತಾಡಾದು? ಕಂಪ್ಲಿಯಿಂದನಾ? ಜೋರಾಗಿ ಮಾತಾಡ್ರಿ...

ಹಾಂ, ಬೀಗರಾ! ಕೊಟ್ರಬಸಪ್ಪನೋರಾ! ನಾನ್ರೀ, ಹೊಸಪೇಟಿ ಸೀಮಿಎಣ್ಣಿ ಅಂಗಡಿ ಅಂದಾನಪ್ಪ. ಯಾಕ, ಮಗಳ ಕೂಡ ಕಳಿಸಿದ ಹೋಳಿಗಿ ಈ ಸಲನೂ ಸೀಮಿಎಣ್ಣಿ ನಾರ್ತಾವಂತ ಬೈಯಾಕ ಮಾಡಿರೇನು?...

ಏನು? ಹೊಳಿ ಬಂತಾ? ಎಲ್ಲೀಮಟ?... ನಿಮ್ಮೂರ ಕೆಳಗೇರಿ ಸುತ್ತ ನೀರಾ! ನನ್ನ ಮಗಳು ಮರುಳಸಿದ್ದಿ ಎಲ್ಲದಾಳ?... ಬಾಣಂತಿ ನೋಡಾಕ ಹೋಗಿ ಅಲ್ಲೇ ಸಿಕ್ಕಂಡಾಳಾ? ಕೂಸೂ ಜೊತಿಗದಾ? ಅಯ್ಯೋ ನನ ಶಿವನ...

ಹರಗೋಲು ಬಿಡ್ರಿ ಮತ್ತ! ಅಂಬಿಗರ ಮೂಕಣ್ಣ ಏನಂತಾನ?... ಕತ್ತಲಾಗಾಕತ್ತೈತಿ, ಅತ್ಲಾಕಡಿ ಬೆಳಕಿಲ್ಲದ ಹುಟ್ಟು ಹಾಕಂಗಿಲ್ಲ ಅಂತಾನಾ... ಖರೇನ ಬಿಡ್ರಿ.

ದಂಡಿ ಮ್ಯಾಲ ಪಂಜು ಹಚ್ಚಾಕ ಎಣ್ಣಿ ನನ್ನ ಕೇಳ್ತೀರಾ? ನಿಮ್ಮೂರ ಪಾಲಿನ ಎಣ್ಣಿ ಎಲ್ಲಿಟ್ರಿ? ಯುದ್ಧ ನಡದೈತಿ, ಜಪಾನಿನೋನ ವಿಮಾನ ಬರ್ತೈತಿ, ಎಣ್ಣಿ ಒಂದ ಕಡಿ ಇಡಬ್ಯಾಡ್ರಿ, ಮೂರೂರೋರು ಬ್ಯಾರೆಬ್ಯಾರೆ ಮುಚ್ಚಿಡ್ರಿ, ಒಬ್ಬರಿಗೊಬ್ಬರು ಹೇಳಬ್ಯಾಡ್ರಿ ಅಂತ ಕಲೆಕ್ಟರ್ ಸಾಹೇಬ ಹೇಳಿದ್ನಲ್ಲಾ...

ಹಂಪ್ಯಾಗಾ? ಹೊಳಿದಂಡಿ ಕಲ್ಲಿನ ಮಂಟಪದಾಗಾ?...

ಥೂ ನಿಮ್ಮ! ನಂದೂ ಅಲ್ಲೇ ಐತ್ರೀ! ಕಲ್ಲು, ಬೆಂಕಿ ಹತ್ತಂಗಿಲ್ಲ, ಬಾಂಬು ಬಿದ್ರೂ ಬೀಳಂಗಿಲ್ಲ ಅನಕಂಡೆ... ನೀವೂ ಹಂಗ ಅನಕಂಡ್ರಾ? ಸೊಂಡೂರು ಶೀನಪ್ಪ?... ಅವನೂನಾ! ಭೇಷ್! ಮೂರು ಮಂದಿ ಶಾಣ್ಯಾರು, ಒಂದ ಮಂಟಪ! ಈಗ ಅದರ ತಲಿ ಮ್ಯಾಲ ಹೊಳಿ ಹರಿಯಾಕತ್ತೈತಿ. ಜಪಾನಿನೋನು ಬರಾದ ಬ್ಯಾಡ, ನಾವ ಸಾಕು...

ನಗಬ್ಯಾಡ್ರಿ ಬೀಗರ. ಒಬ್ಬಾಕಿನ ಮಗಳ್ರೀ ನನಗ...

ಏನು? ಬೆಳಕಾ? ಎಲ್ಲಿ?... ಕೆಳಗೇರಿ ಮಾಳಗಿ ಮ್ಯಾಲಾ? ಒಂದಾ?... ಮಾಳಗಿಗೊಂದು ಕಂದೀಲಾ! ಅಲ್ಲೆಲ್ಲಿ ಎಣ್ಣಿ ಬಂತ್ರೀ?...

ಬೀಗತಿ ಏನಂತಾರ?... ಮರುಳಸಿದ್ದಿ ತವರಿಗೆ ಬಂದಾಗೆಲ್ಲಾ ಒಂದೊಂದು ಬಾಟ್ಲಿ ಎಣ್ಣಿ ಒಯ್ದಾಳಾ? ಉಡಿಯಕ್ಕಿ ಗಂಟಿನ್ಯಾಗಾ?... ಕೆಳಗೇರ್ಯಾಗ ಮನಿಗೊಂದರಂಗ ಹಂಚ್ಯಾಳಾ!

ಅದಕ್ಕ ಹೋಳಿಗಿ ನಾರ್ತಿದ್ವು! ನಾನು ನಮ್ಮಾಕಿಗೆ ಬೈದಿದ್ದ ಬೈದಿದ್ದು, ಎಣ್ಣಿ ಕೈಲೆ ಹಿಟ್ಟು ನಾದ್ತಿ ಅಂತ...

ಯಾಕ ಹಂಚಿದ್ಲಂತ?... ಗಂಡಸರು ಇಟ್ಟಿದ್ದು ಬೇಕಾದಾಗ ಸಿಗಂಗಿಲ್ಲ ಅಂದ್ಲಾ? ಅತ್ತಿ ಮುಂದ ಅಂದ್ಲಾ ಹಂಗ?... ಹೂಂ, ಅನ್ನಲಿ. ಅಂದ್ರ ತಪ್ಪೇನೈತಿ.

ಮೂಕಣ್ಣ ಬಿಟ್ನಾ?... ಬೆಳಕು ನೋಡಿ ಹೊಂಟ್ನಾ?... ಏ ಎಕ್ಸ್‌ಚೇಂಜಿನಪ್ಪಾ, ಕಟ್ ಮಾಡಬ್ಯಾಡೋ, ಮತ್ತ ಮೂರ್ನಿಮಿಷ ಹಾಕ್ಕಳೋ! ನನ್ನ ಮಗಳು ನೀರಾಗದಾಳೋ...

ಹಲೋ, ಬೀಗರ? ಹರಗೋಲು ಎಲ್ಲೀಮಟ ಬಂತು?... ಕಾಣ್ತಾಳಾ?... ಕೂಸಿನ ಕೈ ಬಿಟ್ಟಿಲ್ಲಲ್ಲಾ?...

ಯಾರದು ಅಳಾದು? ನಮ್ಮ ಕೂಸಾ? ದಂಡಿ ಮುಟ್ಟಿದ್ರಾ? ಅಳಲಿ ಬಿಡ್ರಿ! ಅಳಲಿ! ಮಸ್ತ್ ಅಳ್ತೈತಿ! ಫೋನು ಅವರವ್ವನ ಕೈಯಾಗ ಕೊಡ್ರಿ...

ಯವ್ವಾ? ಕಳ್ಳೀ! ನನ್ನ ಅಂಗಡಿಗೇ ಕನ್ನ ಹಾಕಿದ್ಯಾ?... ಅಳಬ್ಯಾಡ, ನಾನೇನು ಬೈಯಾಕತ್ತಿಲ್ಲ. ಮುಂದಿನ ಸಲ ಬಾ, ನಿನ್ನ ಉಡಿ ನಾನ ತುಂಬ್ತೀನಿ, ಅಕ್ಕಿ ಕಡಿಮಿ ಹಾಕಿ ಬಾಟ್ಲಿ...

ಹಲೋ?... ಯವ್ವಾ?... ಏ ಎಕ್ಸ್‌ಚೇಂಜಿನಪ್ಪಾ, ಮೂರ್ನಿಮಿಷ ಆಗೇ ಹೋದ್ವೇನೋ?...