ಕಾಂಟೆಸ್ಸಾದ ಹಿಂದಿನ ಸೀಟು

ಹುಮನಾಬಾದಿನ ಆಸ್ಪತ್ರೆಯಲ್ಲಿ ಚೀಟಿಯ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಕಟ್ಟೆಯ ಮೇಲೆ, ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸು ಮೈದುನನ ಜೊತೆ ಕೂತಿದ್ದಳು. ಹೆಣವನ್ನು ಮೋರಖಂಡಿಗೆ ಒಯ್ಯಬೇಕಿತ್ತು.

“ವೈನಿ, ನನ್ನ ಆಲ್ಟೊದಾಗ ಒಯ್ಯೋಣು. ಸಣ್ಣದದ, ಖರೆ ಮನಿ ಬಾಗಿಲತನಾ ಹೋಗ್ತದ.”

“ಸಾವ್ಕಾರರು ತಮ್ಮ ಕಾಂಟೆಸ್ಸಾ ಕಾರು ಕೊಡ್ತೀನಿ ಅಂದಾರಲ್ಲ?”

“ಅದು ಹಳೇ ಆನಿ. ಎಣ್ಣಿ ಬಾಳ ಕುಡಿತದ, ಓಣ್ಯಾಗ ತಿರುಗಂಗಿಲ್ಲ. ಉದ್ದ ಅದ ಅನ್ನೋದೊಂದೇ. ಅಣ್ಣಗ ಮಲಗಿಸಬಹುದು.”

“ಮಲಗಿಸಬ್ಯಾಡ ಗೋವರ್ಧನ. ನಮ್ಮ ಮಂದಿಗಿ ಕುಣ್ಯಾಗ ಕುಂದ್ರಿಸಿ ಮಣ್ಣು ಮಾಡೂದಲ್ಲ? ಮೈ ಸೆಟೆದ್ರ ಹ್ಯಾಂಗ ಕುಂದ್ರಸ್ತಿ? ಈಗೇ ಕುಂದ್ರಿಸಿಕೊಂಡು ಒಯ್ಯಬೇಕು.”

“ಕುಂದ್ರಸಾಕ ನನ್ನ ಗಾಡಿ ಸಾಕಲ್ಲ?”

“ಸಾವ್ಕಾರರಿಗಿ ಫೋನ್ ಹಚ್ಚು.”

“ಯಾಕ ವೈನಿ, ಇಂಥಾ ಹೊತ್ತಿನಾಗ ಹಟ?”

“ನಿಮ್ಮಣ್ಣ ಹರೇದಾಗಿಂದ ಸಾವ್ಕಾರರ ಡ್ರೈವರಾಗಿ ಅದನ್ನೇ ಓಡಿಸ್ಯಾರ. ದಿನಾ ತೊಳದಾರ. ಹಿಂದಿನ ಸೀಟಿನ್ಯಾಗ ಒಮ್ಮಿನೂ ಕುಂತಿಲ್ಲ.”

ಮೈದುನ ಕಿಸೆಯಿಂದ ಫೋನ್ ತೆಗೆದ.

“ಅದನ್ನ ಈಗ ಓಡಸವ್ರು ಯಾರದಾರ? ಅಣ್ಣನೇ ಇಲ್ಲ.”

“ಸಾವ್ಕಾರರೇ ಓಡಸ್ಲಿ.”

ಒಳಗಿನಿಂದ ಸತ್ತವನ ಹೆಸರು ಕೂಗಿದರು. ಅವಳು ಸೆರಗು ಹೊದ್ದುಕೊಂಡು ಮುಂದೆ ನಡೆದಳು. ಅವನು ಫೋನ್ ಕಿವಿಗಿಟ್ಟುಕೊಂಡು ಹಿಂದೆ ಹೋದ.