ಬಂಬಿನ ಬಾಯಿಗೆ ಹೋದ ಕೊಕ್ಕರೆ

ಕನ್ನಡ ಸಂಘದ ಅಧ್ಯಕ್ಷರಾದ ಗುರುಸಿದ್ದಪ್ಪನವರೇ, ಅವರ ಅಕ್ಕಪಕ್ಕದ ಅತಿಥಿಗಳೇ, ಭಾನುವಾರದ ನಿದ್ದೆ ಬಿಟ್ಟು ಬಂದಿರುವ ಹೈದರಾಬಾದಿನ ಸಭಿಕರೇ,

ನಾನು ಶಿವದೇವಿ. ಮದುವೆಯಾಗಿ ಇಂದಿಗೆ ಎಪ್ಪತ್ತೆರಡು ದಿನ! ಮರದ ಕೆತ್ತನೆಗಾಗಿ ಸನ್ಮಾನ ನನ್ನ ಗಂಡ ಅಮರೇಶ ಅವರಿಗೆ, ಮಾತು ಮಾತ್ರ ನನ್ನದು. "ನಾ ಮಾತಾಡಂಗಿಲ್ಲ, ನೀನ ಮಾತಾಡು" ಅಂದುಬಿಟ್ಟರು. ನೋಡಿ, ಗಂಡನ ಹೆಸರು ಹೇಳಿಯೇಬಿಟ್ಟೆ. ಎದುರಿಗೆ ಕುಳಿತ ನಮ್ಮ ಅತ್ತೆ ಶಾರದಾಬಾಯಿಯವರು ನಾಲಿಗೆ ಕಚ್ಚಿಕೊಂಡರು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು, ಮನ್ನಿಸಿ.

ಇವರು ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಉಳಿ ಹಿಡಿಯಲು ಯಾರು ಕಲಿಸಿದರು? ಯಾರೂ ಇಲ್ಲ. ಎಡಗೈ ಬೆರಳುಗಳ ಗಾಯ ನೋಡಿದರೆ ಎಷ್ಟು ಪಾಠವಾಗಿದೆ ಎಂದು ತಿಳಿಯುತ್ತದೆ. ನಮ್ಮ ಕುಂಕುಮದ ಡಬ್ಬಿ ಒಂದು ಸೀತಾಫಲ. ದೀಪ ಉರಿಯುವುದು ಗೀಜಗನ ಗೂಡಿನೊಳಗೆ. ಬಾಗಿಲ ಹಿಡಿಕೆ ಒಂದು ಓತಿಕ್ಯಾತ! ಮೊದಲ ದಿನ ಅದನ್ನು ಮುಟ್ಟಿ ನಾನು ಕಿರುಚಿದ್ದಕ್ಕೆ ಲಿಂಗಂಪಲ್ಲಿಯ ಅರ್ಧ ಓಣಿ ಓಡಿಬಂತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನಗೂ ಹನ್ನೊಂದು ದಿನದಿಂದ ಒಂದೆಡೆ ಕೂರಲು ಆಗುತ್ತಿಲ್ಲ. ಆಮಂತ್ರಣದಲ್ಲಿ ಕೊಕ್ಕರೆಯ ದೀಪಸ್ತಂಭ ತೋರಿಸುತ್ತೇವೆ ಎಂದು ಅಚ್ಚಾಗಿದೆ. ಮೇಜಿನ ಮೇಲೆ ಕೊಕ್ಕರೆ ಇದೆಯೇ? ಇಲ್ಲ. ಎಲ್ಲಿ ಹೋಯಿತು?

ಮಾದಾಪುರದಲ್ಲಿ ಆಫೀಸು ಕಟ್ಟಲು ಅಗೆದಾಗ ಸಿಕ್ಕ ಹುಣಸೆ ಬೇರು ಅದು. ಇವರು ಸ್ಕೂಟರಿಗೆ ಕಟ್ಟಿ ತಂದು, ಬಚ್ಚಲ ಹೊರಗೋಡೆಗೆ, ನೀರು ಕಾಯಿಸುವ ಬಂಬಿನ ಪಕ್ಕ ಒರಗಿಸಿ ತಿಂಗಳುಗಟ್ಟಲೆ ಒಣಗಿಸಿದ್ದರು. "ಕೊಕ್ಕರಿ ಮಾಡಾಕತ್ತೀನಿ" ಅನ್ನುತ್ತಿದ್ದರು. ಕೊಕ್ಕರೆಗೆ ಕೊಕ್ಕು, ಕಾಲು ಇರಬೇಕಲ್ಲವೇ? ಅದರ ಮೇಲೆ ಇದ್ದದ್ದು ನಾಲ್ಕು ಪೆನ್ಸಿಲ್ ಗೆರೆ.

ಒಂದು ಬೆಳಿಗ್ಗೆ ಅತ್ತೆ ಅಂದರು, "ಶಿವದೇವಿ, ಬಂಬಿಗೆ ಕಟ್ಟಿಗಿ ಹಾಕವಾ, ಸ್ನಾನದ ನೀರು ಆರಾಕತ್ತಾವ."

ಕಟ್ಟಿಗಿ! ನಮ್ಮ ಮನೆಯಲ್ಲಿ ಒಲೆಗೆ ಹೋಗುವುದೂ ಕಟ್ಟಿಗಿ, ಇವರು ಕೆತ್ತುವುದೂ ಕಟ್ಟಿಗಿ. ಕಾನ್ವೆಂಟಿನಲ್ಲಿ ಎರಡಕ್ಕೂ ಬೇರೆ ಬೇರೆ ಮಾತು ಕಲಿಸಿದ್ದರು.

ಹುಣಸೆ ಎಷ್ಟು ಚೆನ್ನಾಗಿ ಉರಿಯುತ್ತದೆ ಗೊತ್ತೇ? "ಇವತ್ತ ನೀರು ಭಾರಿ ಕಾದಾವ" ಅಂತ ಇವರೇ ಹಾಡುತ್ತಾ ಮಿಂದರು. ಹೊರಗೆ ಬಂದು ಖಾಲಿ ಗೋಡೆ ನೋಡಿದರು. "ಯಾರು ಹಾಕಿದ್ರು?"

ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಮೊದಲು ಅಂದರು, "ನಾ ಹಾಕೀನಪ್ಪಾ. ಕಣ್ಣು ಮಂದ ಆಗ್ಯಾವ, ತಿಳೀಲಿಲ್ಲ."

ಆಮೇಲೆ ಅಡುಗೆಮನೆಯಲ್ಲಿ ನನ್ನ ಮುಂಗೈ ಹಿಡಿದರು. "ನನ್ನ ಮ್ಯಾಗ ಸಿಟ್ಟಾದ್ರ ಹೊಟ್ಟಿ ಹಸಿದಾಗ ಬರ್ತಾನ. ನಿಮ್ಮದಿನ್ನೂ ಹಸಿ ಸಂಸಾರ. ಬಾಯಿ ಮುಚ್ಚಿಕೊಂಡಿರು."

ನಾನು ಮುಚ್ಚಿಕೊಂಡೆ, ಸಭಿಕರೇ. ಹನ್ನೊಂದು ದಿನ! ಇವರಿಗೆ ಹಸಿವಾಗುತ್ತದೆ, ತಟ್ಟೆಯ ಮುಂದೆ ಕೂರುತ್ತಾರೆ, ಎದ್ದು ಹೋಗುತ್ತಾರೆ. ಅವ್ವನ ಜೊತೆ ಒಂದೇ ಒಂದು ಮಾತಿಲ್ಲ. ಉಳಿಯನ್ನೂ ಮುಟ್ಟಿಲ್ಲ. ಅತ್ತೆ ಮಾತ್ರ ದಿನವೂ ರೊಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚು ಹಾಕುತ್ತಾರೆ.

ಅತ್ತೀ, ಕೈಸನ್ನಿ ಮಾಡಬ್ಯಾಡ್ರಿ, ನಾ ಹೇಳಾಕಿನ.

ಹಾಕಿದ್ದು ನಾನು. ನನ್ನ ಕೈಯಾರೆ, ತುಂಡು ಮಾಡಿ.

ರೀ, ನನ್ನ ಜೊತೆ ಮಾತು ಬಿಡ್ರಿ. ಹನ್ನೊಂದು ದಿನ ಬೇಡ, ಒಂದು ವಾರ ಸಾಕು. ಈಗ ವೇದಿಕೆ ಇಳಿದು ಅವ್ವನ ಹತ್ತಿರ ಹೋಗ್ರಿ.

ಇವರು ಎದ್ದಿದ್ದಾರೆ. ಮೆಟ್ಟಿಲು ಇಳಿಯುತ್ತಿದ್ದಾರೆ. ನನ್ನ ಕಡೆ ನೋಡಲಿಲ್ಲ, ಇರಲಿ. ಅತ್ತೆಯೂ ಇವರತ್ತ ನೋಡುತ್ತಿಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

ಅಧ್ಯಕ್ಷರೇ, ಶಾಲಿನ ಮಡಿಕೆ ಈಗಲೇ ಬಿಚ್ಚಬೇಡಿ, ಸ್ವಲ್ಪ ಹೊತ್ತಾಗುತ್ತದೆ. ಇಷ್ಟು ಹೊತ್ತು ನನ್ನನ್ನು ತಾಳಿಕೊಂಡ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.