ಮೂರು ಗಂಟೆ ಕಾಯದ ಗುರುವಾರ

ಆ ಸ್ಟೂಲ್ ಬೇಡ ಅಕ್ಕ, ಅದರ ಒಂದು ಕಾಲು ಗಿಡ್ಡ. ಈ ಕುರ್ಚಿಗೆ ಬಾ. ಕೈಯೆಲ್ಲ ಒದ್ದೆ, ಇಲ್ಲಾಂದ್ರೆ ನಾನೇ ಎಳೆದು ಕೊಡ್ತಿದ್ದೆ... ಹ್ಞೂ, ಅಲ್ಲೇ ಕೂತ್ಕೋ. ಹನ್ನೊಂದು ವರ್ಷ ಆದ್ಮೇಲೆ ತಮ್ಮನ್ನ ಹುಡುಕ್ಕೊಂಡು ಬಂದಿದೀಯಾ, ಅದೂ ಈ ವಾಟರ್ ಪ್ಲಾಂಟಿಗೆ. ವಾಸನೆ ಸ್ವಲ್ಪ ತಡ್ಕೋ. ನನ್ನ ಮೂಗಂತೂ ಯಾವಾಗ್ಲೋ ಸತ್ತು ಹೋಗಿದೆ.

ಭಾವ ತೀರಿಕೊಂಡಾಗ ನಾನು ಬರಲಿಲ್ಲ ಅಂತ ನಿನಗೆ ಬೇಜಾರು. ಬಂದಿದ್ದೆ ಅಕ್ಕ. ನಿಮ್ಮ ಬೀದಿ ತುದಿ ತನಕ ಬಂದಿದ್ದೆ. ಟೈಲರ್ ಅಂಗಡಿ ಹತ್ರ ನಿಂತು, ನಿಮ್ಮ ಬಾಗಿಲಲ್ಲಿದ್ದ ಚಪ್ಪಲಿ ರಾಶಿ ನೋಡಿ ವಾಪಸ್ ಹೋದೆ. ಅಷ್ಟು ಜನ ಇದಾರಲ್ಲ, ನಾನೊಬ್ಬ ಇಲ್ಲದಿದ್ರೆ ಏನಾಗುತ್ತೆ ಅಂದ್ಕೊಂಡೆ... ಇಲ್ಲ, ಅದೂ ಅಲ್ಲ. ಕಾಲು ಮುಂದಕ್ಕೆ ಬರಲಿಲ್ಲ.

ಇದಾ? ಇದು ಕ್ಲೋರಿನ್ ಸೆನ್ಸರ್. ಪೆನ್ನಿನ ಹಾಗಿದೆ, ಅಲ್ವಾ? ತುದಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪೊರೆ. ನೀರಲ್ಲಿರೋ ಕ್ಲೋರಿನ್ ಇದನ್ನ ದಾಟಿ ಒಳಗೆ ಬಂದ್ರೆ ಚೂರೇ ಚೂರು ಕರೆಂಟ್ ಹರಿಯುತ್ತೆ. ಅದನ್ನ ನೋಡಿ ಮೀಟರ್ ಲೆಕ್ಕ ತೋರಿಸುತ್ತೆ. ಆದ್ರೆ ಎಷ್ಟು ಕರೆಂಟಿಗೆ ಎಷ್ಟು ಕ್ಲೋರಿನ್ ಅಂತ ಮೀಟರಿಗೆ ತಾನಾಗಿ ಗೊತ್ತಾಗಲ್ಲ. ನಾನು ಹೇಳಿಕೊಡಬೇಕು. ಹೊಸ ಪೊರೆ ಹಾಕಿ, ಮೂರು ಗಂಟೆ ನೀರಲ್ಲಿ ಬಿಟ್ಟು, ಆಮೇಲೆ ಅದೇ ನೀರು ಈ ಶೀಶೆಗೆ ತಗೊಂಡು ಒಂದು ಮಾತ್ರೆ ಹಾಕ್ತೀನಿ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಬಣ್ಣ ಎಷ್ಟು ಗಾಢವೋ ಅಷ್ಟು ಕ್ಲೋರಿನ್. ಆ ನಂಬರ್ ಮೀಟರಿಗೆ ಒತ್ತಿದ್ರೆ ಮುಗೀತು. ಅಲ್ಲಿಂದಾಚೆ ಅದು ನನ್ನ ಮಾತೇ ಸತ್ಯ ಅಂತ ನಂಬ್ಕೊಂಡು ಹೋಗುತ್ತೆ.

ಹನ್ನೊಂದು ವರ್ಷದ ಹಿಂದೆ, ಅವತ್ತೂ ಹೀಗೇ ಮಾಡಿದ್ದೆ. ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಪೊರೆ ಬದಲಾಯಿಸಿದೆ, ಕಾದೆ, ಪರೀಕ್ಷೆ ಮಾಡಿ ಪುಸ್ತಕಕ್ಕೆ ಸಹಿ ಹಾಕಿದೆ. ಆಮೇಲೆ ಮೀಟರ್ ಕೆಟ್ಟಿದ್ರೆ ನಾನೇನು ಮಾಡ್ಲಿ? ಕ್ಲೋರಿನ್ ಪಂಪಿನ ಪೈಪು ಅರ್ಧ ಕಟ್ಟಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೀಟರ್ ಎಲ್ಲ ಸರಿ ಇದೆ ಅಂತಿತ್ತು. ಆ ನೀರು ಕುಡಿದು ನಲವತ್ತು ಮಕ್ಕಳು ಆಸ್ಪತ್ರೆ ಸೇರಿದ್ರು. ಪುಣ್ಯಕ್ಕೆ ಎಲ್ಲರೂ ಉಳ್ಕೊಂಡ್ರು...

ಬೆರಳಲ್ಲಿ ಏನು ಎಣಿಸ್ತಿದೀಯಾ?

ಹನ್ನೊಂದಕ್ಕೆ ಮೂರು ಸೇರಿಸಿದ್ರೆ ಎರಡು. ಗೊತ್ತು ಅಕ್ಕ. ಪ್ರತಿ ಗುರುವಾರ ಒಂದೂವರೆಗೆ ನಾನು ನಿಮ್ಮನೇಲಿ ಊಟಕ್ಕೆ ಕೂತಿರ್ತಿದ್ದೆ. ಅದೊಂದೇ ಊಟ ನನಗೆ ವಾರದಲ್ಲಿ ಬಿಸಿಯಾಗಿ, ಇನ್ನೊಬ್ಬರ ಜೊತೆ. ನಿನ್ನ ಮಗಳು ಗುಬ್ಬಿ ಆಗ ಶಾಲೆಯಿಂದ ಓಡಿ ಬಂದು ಮಾವ ಅಂತ ಹೆಗಲಿಗೆ ಜೋತು ಬೀಳೋಳು. ಕಾದಿದ್ರೆ ಅದು ತಪ್ಪಿ ಹೋಗ್ತಿತ್ತು.

ಕಾಯಲಿಲ್ಲ. ಮಾತ್ರೆ ಹಾಕಲಿಲ್ಲ, ಬಣ್ಣ ನೋಡಲಿಲ್ಲ. ಹಿಂದಿನ ವಾರದ ನಂಬರನ್ನೇ ಮೀಟರಿಗೆ ಒತ್ತಿ, ಸಹಿ ಹಾಕಿ, ಬಸ್ ಹಿಡಿದೆ. ನೀರಲ್ಲಿ ನಿಜವಾಗಿ ಇದ್ದ ಕ್ಲೋರಿನ್ ಅದರ ಕಾಲು ಭಾಗ. ನೀನು ಮೊದಲನೆಯವಳು ಅಕ್ಕ, ಇದನ್ನ ಕೇಳ್ತಿರೋದು. ಇಷ್ಟು ವರ್ಷ ಈ ಗೋಡೆಗೂ ಹೇಳಿರಲಿಲ್ಲ.

ಭಾವ ಅವತ್ತು ಇಲ್ಲೇ ಪ್ಲಾಂಟ್ ನಡೆಸೋ ಪಾಳಿಯಲ್ಲಿದ್ರು, ಅವರ ತಲೆಗೆ ಬಂತು. ಪುಸ್ತಕದಲ್ಲಿ ನನ್ನ ಸಹಿ ಇತ್ತಲ್ಲ, ಮೀಟರ್ ಸರಿ ಅಂತಾಯ್ತು. ಮೀಟರ್ ಸರಿ ಅಂದ್ರೆ ನಡೆಸೋನೇ ಕ್ಲೋರಿನ್ ನಿಲ್ಲಿಸಿ ನಿದ್ದೆ ಮಾಡಿರಬೇಕು ಅಂತ ಮೇಲಿನವರು ಅಂದ್ರು. ಇಪ್ಪತ್ತು ವರ್ಷ ಒಂದು ದಿನಾನೂ ತಡವಾಗಿ ಬರದ ಮನುಷ್ಯನ್ನ ಕೆಲಸದಿಂದ ತೆಗೆದ್ರು.

ಯಾಕಕ್ಕ, ನಿನಗೆ ಆಶ್ಚರ್ಯವೇ ಆಗಲಿಲ್ವಾ? ಬೈ. ಈ ಶೀಶೆ ತಗೊಂಡು ಎಸಿ.

ಓ... ಆ ಫೋನ್.

ಅವತ್ತು ಊಟದ ಮಧ್ಯೆ ಭಾವ ಫೋನ್ ಮಾಡಿದ್ರು. ಎತ್ತಿದ್ದು ನೀನು. ನನ್ನ ಕೈ ಎಂಜಲು ಅಂತ ನೀನೇ ನನ್ನ ಕಿವಿಗೆ ಹಿಡಿದು ನಿಂತಿದ್ದೆ. "ನೀರಲ್ಲಿ ಕ್ಲೋರಿನ್ ವಾಸನೆನೇ ಇಲ್ವಲ್ಲೋ, ಮೀಟರ್ ನೋಡಿದ್ದೆ ತಾನೇ?" ಅಂತ ಕೇಳಿದ್ರು. "ಬೆಳಿಗ್ಗೆ ತಾನೇ ನೋಡಿದ್ದೀನಿ ಭಾವ, ನಿಮ್ಮ ಮೂಗಿಗೆ ನೆಗಡಿ" ಅಂದೆ. ನೀನೂ ನಕ್ಕಿದ್ದೆ.

ವಿಚಾರಣೆಯಲ್ಲಿ ದೊಡ್ಡ ಇಂಜಿನಿಯರ್ ಕೇಳಿದ್ರು, "ಮೀಟರ್ ಮೇಲೆ ನಿಮಗೆ ಅನುಮಾನ ಬಂದಿತ್ತಾ?" ಅಂತ. ಭಾವ ಒಂದು ಸಲ ನನ್ನ ಕಡೆ ನೋಡಿ "ಇಲ್ಲ ಸಾರ್" ಅಂದ್ರು. ಗಾಬರಿಯಲ್ಲಿ ಆ ಫೋನ್ ವಿಷಯ ಮರೆತಿದಾರೆ ಅಂದ್ಕೊಂಡೆ. ಮರೆತಿದಾರೆ, ಮರೆತಿದಾರೆ ಅಂತ ಹನ್ನೊಂದು ವರ್ಷ ನನಗೆ ನಾನೇ ಹೇಳ್ಕೊಂಡೆ. ಪ್ರತಿ ಗುರುವಾರ ಇಲ್ಲೇ ಬ್ರೆಡ್ ತಿಂತಾ, ಮೂರು ಗಂಟೆ ಪೂರ್ತಿ ಕಾಯ್ತಾ.

ಮರೆತಿರಲಿಲ್ಲ, ಅಲ್ವಾ ಅಕ್ಕ?

...ನನ್ನ ಕೆಲಸ ಉಳಿಸೋಕೆ ಹಾಗಂದ್ರು. ಸಿನಿಮಾ ಟಾಕೀಸಿನ ಗೇಟಲ್ಲಿ ಟಿಕೆಟ್ ಹರೀತಾ ಕೂತ್ರು, ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ. ಇಬ್ರೂ ಕಾಯ್ತಿದ್ರಿ, ನಾನೇ ಬಂದು ಹೇಳ್ತೀನಿ ಅಂತ. ನಾನು ನಿಮ್ಮ ಬೀದಿ ತುದಿ ದಾಟಲೇ ಇಲ್ಲ.

ಗುಬ್ಬಿಗೆ ಗೊತ್ತಾ?

ಆ ನಲವತ್ತು ಮಕ್ಕಳಲ್ಲಿ ಅವಳ ಪಕ್ಕ ಕೂರೋ ಹುಡುಗಿನೂ ಇದ್ಲು. ಅದಕ್ಕೇ ಗುಬ್ಬಿ ಅಪ್ಪನ ಜೊತೆ ಸರಿಯಾಗಿ ಮಾತಾಡಲ್ಲ ಅಂತ ಟೈಲರ್ ಹೇಳಿದ್ದ. ಕೊನೇಗಾದ್ರೂ ಮಾತಾಡಿದ್ಲಾ?

ಅಕ್ಕ...

ಕಣ್ಣು ಒರೆಸ್ಕೋ. ಕಿಟಕಿ ಕಡೆ ಯಾಕೆ ನೋಡ್ತಿದೀಯಾ? ಗೇಟಿನ ಹತ್ರ ನೀಲಿ ಕೊಡೆ ಹಿಡಿದು ನಿಂತಿರೋಳು ಅವಳಾ? ಎಷ್ಟು ಎತ್ತರ ಆಗಿದಾಳೆ. ಅಪ್ಪನದೇ ನಿಲುವು.

ಬೇಡ, ಒಳಗೆ ಕರೀಬೇಡ. ನಾನೇ ಹೋಗಿ ಹೇಳ್ತೀನಿ. ಕೈ ಒರೆಸ್ಕೊಂಡು ಹೊರಟೆ, ನೀನಿಲ್ಲೇ ಇರು.